ಲಕೋಟೆಯ ಮೇಲೆ ವ್ಯಾಪಾರಿಯ ಚೀಟಿ

ರಾಯಚೂರು ಕಡೆಯ ಮಸರಕಲ್ಲು, ದೇವದುರ್ಗ, ಮಾನ್ವಿಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಈ ಸೀಮೆಯ ಟಪಾಲಿಗೆ ಇಬ್ಬರು ಒಡೆಯರು. ಹೈದರಾಬಾದ್ ಸಂಸ್ಥಾನದ ಒಳಗಿನ ಕಾಗದಕ್ಕೆ ನಿಜಾಮರ ಅಂಚೆಚೀಟಿ, ಮುಂಬಯಿಗೋ ಮದ್ರಾಸಿಗೋ ಹೋಗುವ ಕಾಗದಕ್ಕೆ ಬ್ರಿಟಿಷ್ ಇಂಡಿಯಾದ ಅಂಚೆಚೀಟಿ. ನಿಜಾಮರ ಮೊದಲ ಚೀಟಿ ಹೊರಬಂದದ್ದು 1869ರಲ್ಲಿ. ಎರಡೇ ವರ್ಷಕ್ಕೆ, 1871ರಲ್ಲಿ, ಮುಂಬಯಿ ಕಡೆಯ ರೈಲುಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಬಂದು ಕೂಡಿದವು. 1931ರ ಮಾಲೆಯಲ್ಲಿ ನಿಜಾಮರು ತಮ್ಮ ನಾಡಿನ ಕಟ್ಟಡಗಳನ್ನೇ ಮುದ್ರಿಸಿದರು: ಒಂದಾಣೆಯ ಚೀಟಿಯಲ್ಲಿ ಚಾರ್‌ಮಿನಾರ್, ಹನ್ನೆರಡಾಣೆಯದರಲ್ಲಿ ಬೀದರಿನ ಮಹಮೂದ್ ಗವಾನರ ಮದರಸಾ.

ಆಳುವವರಿಗೆ ತಮ್ಮ ಹೆಮ್ಮೆ ತೋರಿಸಲು ಆ ಚೂರು ಕಾಗದದಲ್ಲಿ ಜಾಗವಿತ್ತು. ಅಂಗಡಿಕಾರನಿಗೆ ಇರಲಿಲ್ಲ.

ಆದರೆ ವ್ಯಾಪಾರಿ ಸುಮ್ಮನೆ ಕೂರುವವನಲ್ಲ. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ಲೋಪರ್ ಎಂಬಾತ 1868ರ ಹೊತ್ತಿಗೆ ಚೀಟಿಗಳಲ್ಲಿ ಕಂಪನಿಯ ಹೆಸರಿನ ಅಕ್ಷರಗಳನ್ನು ಸಣ್ಣ ತೂತುಗಳಾಗಿ ಕೊರೆಯಲು ಅಂಚೆಯ ಒಪ್ಪಿಗೆ ಪಡೆದ. ಗುಮಾಸ್ತರು ಚೀಟಿ ಕದ್ದು ಮಾರದಿರಲೆಂದು ಹೂಡಿದ ಉಪಾಯ ಅದು. ಭಾರತದ ಬ್ಯಾಂಕುಗಳೂ ಕಂಪನಿಗಳೂ ಅದನ್ನು ಅನುಸರಿಸಿದವು. 1893ರಲ್ಲಿ ನ್ಯೂಜಿಲೆಂಡ್ ಅಂಚೆಚೀಟಿಯ ಹಿಂಬದಿಯಲ್ಲೇ ಜಾಹೀರಾತು ಅಚ್ಚು ಹಾಕಿಸಿತು. ಗೋಂದು ನೆಕ್ಕುವಾಗ ಶಾಯಿಯೂ ಬಾಯಿಗೆ ಹೋದೀತೆಂದು ಜನ ಹೆದರಿದರು, ಪ್ರಯೋಗ ಬೇಗನೆ ನಿಂತಿತು. 1924ರಲ್ಲಿ ಇಟಲಿ ಸಿಂಗರ್ ಹೊಲಿಗೆ ಯಂತ್ರದಂಥ ಸರಕುಗಳ ಜಾಹೀರಾತು ಪಟ್ಟಿಯನ್ನು ಚೀಟಿಯ ಕೆಳಗೆ ಸೇರಿಸಿಯೇ ಮಾರಿತು. ಅದೂ ಬಹುಕಾಲ ಬಾಳಲಿಲ್ಲ.

ಸರ್ಕಾರದ ಚೀಟಿಯೊಳಗೆ ನುಗ್ಗಲಾಗದ ವ್ಯಾಪಾರಿಗಳು ಅದರ ಪಕ್ಕದಲ್ಲಿ ಅಂಟಿಸಲು ತಮ್ಮದೇ ಚೀಟಿ ಮಾಡಿಸಿಕೊಂಡರು. ಅಂಚಿನಲ್ಲಿ ಅದೇ ತೂತುಸಾಲು, ಬೆನ್ನಿಗೆ ಅದೇ ಗೋಂದು. ಬೆಲೆ ಮಾತ್ರ ಇಲ್ಲ. ಅದನ್ನೊಂದೇ ಅಂಟಿಸಿದರೆ ಕಾಗದ ಊರು ದಾಟದು. 1900ರಿಂದ ಮೊದಲ ಮಹಾಯುದ್ಧದವರೆಗೆ ಜರ್ಮನಿಯಲ್ಲಿ ಇವುಗಳ ಹುಚ್ಚೇ ಹತ್ತಿತ್ತು. ಚಾಕೊಲೇಟು, ಸಾಬೂನು, ಬೂಟು, ಬಿಯರು, ಹೀಗೆ ಒಂದೊಂದು ಸರಕಿಗೂ ಬಣ್ಣಬಣ್ಣದ ಸರಣಿ. ಗೋಡೆಗೆ ದೊಡ್ಡ ಪೋಸ್ಟರ್ ಬರೆಯುತ್ತಿದ್ದ ಲುಡ್ವಿಗ್ ಹೋಲ್‌ವೈನ್‌ರಂಥ ಕಲಾವಿದರ ಚಿತ್ರಗಳು ಈ ಚೂರುಗಳ ಮೇಲೂ ಬಂದವು. ಮಕ್ಕಳು ಅಂಗಡಿಗಳಲ್ಲಿ ಕೇಳಿ ಪಡೆದು ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಯುದ್ಧ ಬಂದಿತು, ಆ ಸಂಭ್ರಮ ಇಳಿಯಿತು.

ಬಾನುಲಿ ಕೇಳುವವರು ಮುಖ್ಯವಾಗಿ ತಿಳಿಯಬೇಕಾದ ಕಥೆ ಅಮೆರಿಕದ್ದು. 1924ರಲ್ಲಿ ಷಿಕಾಗೋದ ಎಕ್ಕೊ ಕಂಪನಿ ರೇಡಿಯೋ ನಿಲಯಗಳಿಗಾಗಿಯೇ ಚೀಟಿ ಮಾಡಿಸಿತು. ದೂರದ ನಿಲಯವೊಂದನ್ನು ರಾತ್ರಿ ಹಿಡಿದ ಕೇಳುಗ, ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಕೇಳಿದೆನೆಂದು ಬರೆದು, ಹತ್ತು ಸೆಂಟ್ ನಾಣ್ಯ ಇಟ್ಟು ಆ ನಿಲಯಕ್ಕೆ ಕಳಿಸಬೇಕಿತ್ತು. ಮಾತು ನಿಜವೆಂದು ಕಂಡರೆ ಹದ್ದಿನ ಚಿತ್ರವಿರುವ, ನಿಲಯದ ಹೆಸರಕ್ಷರಗಳಿರುವ ಚೀಟಿ ಮರುಟಪಾಲಿನಲ್ಲಿ ಬರುತ್ತಿತ್ತು. ಬ್ಯಾಂಕು ನೋಟುಗಳನ್ನು ಮುದ್ರಿಸುವ ಕಂಪನಿಯೇ ಅದನ್ನೂ ಅಚ್ಚು ಹಾಕುತ್ತಿತ್ತು. ಗಾಳಿಯಲ್ಲಿ ಬಂದು ಕರಗಿಹೋಗುವ ದನಿಗೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ! ಸಂಗ್ರಹಕಾರರು ಅವನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ.

ನಮ್ಮ ಕಡೆ ಶಾಲೆಗೆ ಹೋದ ಹಿರಿಯರಿಗೆ ಇಂಥ ಬೆಲೆಯಿಲ್ಲದ ಚೀಟಿಯ ಪರಿಚಯ ಕ್ಷಯರೋಗ ನಿವಾರಣೆಯ ಸೀಲಿನಿಂದ ಆಗಿರಬಹುದು. ಅದು ವ್ಯಾಪಾರದ್ದಲ್ಲ, ದೇಣಿಗೆಯದು. ರೂಪ ಮಾತ್ರ ಅದೇ. ಡೆನ್ಮಾರ್ಕಿನ ಅಂಚೆ ಗುಮಾಸ್ತ ಐನಾರ್ ಹೋಲ್ಬೋಲ್ 1904ರಲ್ಲಿ ಹುಟ್ಟುಹಾಕಿದ ಕ್ರಿಸ್ಮಸ್ ಸೀಲು ಅದರ ಪೂರ್ವಜ.

ವ್ಯಾಪಾರಿಗೆ ಭಾರತದ ಅಂಚೆ ಬಾಗಿಲು ಇನ್ನಷ್ಟು ತೆರೆದದ್ದು ಇತ್ತೀಚೆಗೆ. 2002ರಲ್ಲಿ ಮೇಘದೂತ ಕಾರ್ಡು ಬಂತು. ಆಗ ಸಾಮಾನ್ಯ ಕಾರ್ಡಿಗೆ 50 ಪೈಸೆ, ಇದಕ್ಕೆ 25. ವಿಳಾಸದ ಬದಿಯಲ್ಲಿ ಜಾಹೀರಾತು ಇದ್ದುದರಿಂದಲೇ ಆ ಅಗ್ಗ. 2011ರಲ್ಲಿ ದೆಹಲಿಯ ಇಂಡಿಪೆಕ್ಸ್ ಪ್ರದರ್ಶನದ ಹೊತ್ತಿಗೆ ‘ಮೈ ಸ್ಟಾಂಪ್’ ಯೋಜನೆ ಜನಪ್ರಿಯವಾಯಿತು: 12 ಚೀಟಿಗಳ ಹಾಳೆಗೆ 300 ರೂಪಾಯಿ, ಪ್ರತಿ ಚೀಟಿಯ ಪಕ್ಕ ನಮ್ಮದೇ ಚಿತ್ರ. ಮುಂದೆ ಸಂಸ್ಥೆಗಳೂ ತಮ್ಮ ಲಾಂಛನ ಹಾಕಿಸತೊಡಗಿದವು. ವ್ಯಾಪಾರಿ ಕೊನೆಗೂ ಅಸಲಿ ಚೀಟಿಯ ಮಗ್ಗುಲಿಗೇ ಬಂದು ಕೂತ.

ಅಂಚೆ ಇಲಾಖೆ ಹೊರಡಿಸದ, ಅಂಚೆಚೀಟಿಯಂತೆ ಕಾಣುವ ಚೀಟಿಗಳಿಗೆ ಸಂಗ್ರಹಕಾರರು ‘ಸಿಂಡ್ರೆಲಾ’ ಎನ್ನುತ್ತಾರೆ. ಹಳೆಯ ಅಂಚೆಚೀಟಿ ಕ್ಯಾಟಲಾಗುಗಳಲ್ಲಿ ಅವುಗಳಿಗೆ ಜಾಗ ಅಪರೂಪ. ಆ ತಾತ್ಸಾರ ಸರಿಯಲ್ಲ. ರಾಜರ ಮುಖ ಎಲ್ಲಿಯಾದರೂ ಸಿಗುತ್ತದೆ. ಯಾವ ಊರಿನ ಯಾವ ಅಂಗಡಿ ಯಾವ ಎಣ್ಣೆ, ಯಾವ ಬೀಡಿ, ಯಾವ ಬಟ್ಟೆ ಮಾರಿತೆಂದು ಹೇಳುವುದು ಇಂಥ ಚೂರುಗಳೇ. ಹತ್ತಿ, ಶೇಂಗಾ ವ್ಯವಹಾರದ ಊರಾದ ರಾಯಚೂರಿನಲ್ಲಿ ಹಳೆಯ ದಲ್ಲಾಳಿ ಅಂಗಡಿಯ ಲೆಕ್ಕದ ಕಟ್ಟುಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಏನಾದರೂ ಸಿಕ್ಕರೆ ನೀರಿಗೆ ಹಾಕಿ ಬಿಡಿಸಬಾರದು. ಅಂಚೆಯ ಮುದ್ರೆಯಲ್ಲಿ ಊರೂ ದಿನವೂ ಇರುತ್ತವೆ, ಆದ್ದರಿಂದ ಲಕೋಟೆಯನ್ನು ಇಡಿಯಾಗಿಯೇ ಒಣ ಜಾಗದಲ್ಲಿಡಬೇಕು. ಮೇಘದೂತ ಕಾರ್ಡಿಗೂ ಇದೇ ಮಾತು: ಜಾಹೀರಾತಿನ ಭಾಗವನ್ನಷ್ಟೇ ಕತ್ತರಿಸಿ ಇಟ್ಟರೆ ಅದನ್ನು ಬರೆದವರು ಯಾರು, ಏಕೆ ಬರೆದರು ಎಂಬುದು ಕಸಕ್ಕೆ ಹೋಗುತ್ತದೆ.