ಕಲೆಗೆ ಸರ್ಕಾರದ ಹಣ: ಲೆಕ್ಕಕ್ಕೆ ಬಾರದ ಪ್ರೇಕ್ಷಕ



ಒಂದು ಮನೆಯವರು ದತ್ತಿಯಾಗಿ ಇಟ್ಟ ಮೂಲಧನದ ಬಡ್ಡಿಯಲ್ಲಿ ಈ ಸಭೆ ನಡೆಯುತ್ತಿದೆ. ಅವರಿಗೆ ವಂದನೆ. ಸರ್ಕಾರದ ಬೊಕ್ಕಸದಿಂದ ಕಲೆಗೆ ಹಣ ಬಂದಾಗ ಮಾತ್ರ ವಂದನೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕು: ತೆರಿಗೆ ಕಟ್ಟಿದವನ ಪಾಲಿಗೆ ಬಂದದ್ದೇನು? ಉತ್ತರಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಹೈದರಾಬಾದಿನ ಮೂರು ಉದಾಹರಣೆಗಳು ಸಾಕು.

ಮೊದಲನೆಯದು ರವೀಂದ್ರ ಭಾರತಿ. ಟ್ಯಾಗೋರರ ಜನ್ಮಶತಾಬ್ದಿಗೆಂದು ರಾಜ್ಯಗಳ ರಾಜಧಾನಿಗಳಲ್ಲಿ ರಂಗಮಂದಿರ ಕಟ್ಟಲು ಕೇಂದ್ರ ಸರ್ಕಾರ ನೆರವಾಯಿತು. ಸೈಫಾಬಾದಿನ ಈ ಮಂದಿರ 1961ರಲ್ಲಿ ತೆರೆಯಿತು, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ. ಊರಿಗೆ ಒಳ್ಳೆಯ ವೇದಿಕೆ ಸಿಕ್ಕಿತು. ಆದರೆ ಇಂಥ ಮಂದಿರಗಳಲ್ಲಿ ನಾವೇ ನಡೆಸುವ ಸನ್ಮಾನ ಸಮಾರಂಭಗಳನ್ನು ನೆನೆಯಿರಿ. ಮೇಲೆ ಎರಡು ಸಾಲು ಕುರ್ಚಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಳಗೆ ಸನ್ಮಾನಿತರ ಬಂಧುಬಳಗ. ತಮ್ಮವರ ಸರದಿ ಮುಗಿದು ಫೋಟೊ ತೆಗೆಸಿಕೊಂಡರೆ ಇಡೀ ಸಾಲೇ ಎದ್ದು ಹೋಗುತ್ತದೆ. ಕೊನೆಗಿಟ್ಟ ನಾಟಕಕ್ಕೆ ಉಳಿಯುವವರು ಮೈಕಿನವರು ಮತ್ತು ನಟರ ಮನೆಯವರು.

ಎರಡನೆಯದು ಸಾಲಾರ್ ಜಂಗ್ ಮ್ಯೂಸಿಯಂ. ನವಾಬ ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡಾಗ ಅವರಿಗೆ ಮಕ್ಕಳಿರಲಿಲ್ಲ. ಅವರ ಸಂಗ್ರಹವನ್ನು ಅವರ ಅರಮನೆ ದಿವಾನ್ ದೇವಡಿಯಲ್ಲಿ ಜೋಡಿಸಿಟ್ಟು, 1951ರ ಡಿಸೆಂಬರಿನಲ್ಲಿ ನೆಹರೂ ಕೈಯಿಂದ ಸಾರ್ವಜನಿಕರಿಗೆ ತೆರೆಸಲಾಯಿತು. 1961ರಲ್ಲಿ ಈ ಮ್ಯೂಸಿಯಂಗೆಂದೇ ಸಂಸತ್ತಿನ ಕಾಯ್ದೆಯಾಯಿತು, 1968ರಲ್ಲಿ ಮೂಸಿ ದಂಡೆಯ ಹೊಸ ಕಟ್ಟಡವಾಯಿತು. ಅಲ್ಲಿನ ಸಂಗೀತ ಗಡಿಯಾರದ ಮುಂದೆ ಗಂಟೆ ಹೊಡೆಯುವ ಮೊದಲೇ ಬೆಂಚುಗಳು ತುಂಬುತ್ತವೆ. ಪುಟ್ಟ ಗೊಂಬೆಯೊಂದು ಬಾಗಿಲು ತೆರೆದು ಬಂದು ಗಂಟೆ ಬಾರಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕಂತೂ ಕಾಲಿಡಲು ಜಾಗವಿರದು. ಮಕ್ಕಳು ಅಪ್ಪನ ಹೆಗಲೇರಿ ಎಣಿಸುತ್ತಾರೆ. ಪಂಡಿತರು ಇದನ್ನು ಕಂಡು ಮೂಗು ಮುರಿಯಬಹುದು. ನಾನು ಮುರಿಯುವುದಿಲ್ಲ. ಗಡಿಯಾರಕ್ಕೆಂದು ಬಂದವರಲ್ಲಿ ಕೆಲವರಾದರೂ ಅಮೃತಶಿಲೆಯ ಮುಸುಕು ಹೊದ್ದ ರೆಬೆಕಾಳ ಮುಂದೆ ನಿಲ್ಲುತ್ತಾರಲ್ಲ, ಒಬ್ಬ ನವಾಬರ ಆಸ್ತಿ ಜನರದಾದದ್ದು ಅಲ್ಲಿ. ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿತು, ಅಷ್ಟೆ.

ಮೂರನೆಯದು ಸಂಬಳದ ಮಾತು. ತೆಲಂಗಾಣ ಚಳವಳಿಯನ್ನು ಊರೂರಿಗೆ ಒಯ್ದದ್ದು ಧೂಂ ಧಾಂ ವೇದಿಕೆಯ ಹಾಡುಗಾರರು. 2014ರಲ್ಲಿ ರಾಜ್ಯ ಬಂದ ಮೇಲೆ ಸರ್ಕಾರ ಸಾಂಸ್ಕೃತಿಕ ಸಾರಥಿ ಎಂಬ ಸಂಸ್ಥೆ ಮಾಡಿ ಸುಮಾರು 550 ಕಲಾವಿದರನ್ನು ನೌಕರಿಗೆ ತೆಗೆದುಕೊಂಡಿತು. ಬಡ ಕಲಾವಿದನಿಗೆ ತಿಂಗಳ ಸಂಬಳ ಸಣ್ಣ ಮಾತಲ್ಲ. ಆದರೆ ಅವರಿಗೆ ಒಪ್ಪಿಸಿದ ಕೆಲಸ, ಸರ್ಕಾರದ ಯೋಜನೆಗಳನ್ನು ಹಾಡಿ ಜನರಿಗೆ ತಿಳಿಸುವುದು. ಸರ್ಕಾರವನ್ನು ಪ್ರಶ್ನಿಸುತ್ತ ಬೆಳೆದ ದನಿ ಅದರ ಪ್ರಕಟಣೆ ಓದತೊಡಗಿದರೆ ಕೇಳುಗನಿಗೆ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೆ?

ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲೂ ನಟರಿಗೆ ಸರ್ಕಾರದ್ದೇ ಸಂಬಳ. ಆದರೆ ಅಲ್ಲಿ ಕೊಟ್ಟ ಕೆಲಸ ನಾಟಕ ಕಟ್ಟುವುದು. ಬೇಸಿಗೆಯ ಚಿಣ್ಣರ ಮೇಳದಲ್ಲಿ ಬಣ್ಣ ಹಚ್ಚಿದ ಮಕ್ಕಳು ಮುಂದೆ ಬಹುರೂಪಿ ಉತ್ಸವಕ್ಕೆ ಟಿಕೆಟ್ ಕೊಂಡು ಬರುವ ಪ್ರೇಕ್ಷಕರಾಗುತ್ತಾರೆ. ಅನುದಾನ ಫಲಿಸುವುದು ಹೀಗೆ.

ಅನುದಾನ ಪಡೆದ ಸಂಘಗಳವರು ಇಲ್ಲಿದ್ದೀರಿ. ಕಾರ್ಯಕ್ರಮ ಮುಗಿದ ಮೇಲೆ ಏನೇನು ಸಲ್ಲಿಸುತ್ತೀರಿ? ಹಣ ಬಳಕೆ ಪ್ರಮಾಣಪತ್ರ, ಆಹ್ವಾನ ಪತ್ರಿಕೆ, ಫೋಟೊ, ಪತ್ರಿಕಾ ವರದಿ, ಶಾಮಿಯಾನದ ಬಿಲ್ಲು. ಹೊಸಬರು ಎಷ್ಟು ಜನ ಬಂದರು, ಕೊನೆಯವರೆಗೆ ಕೂತರೆ ಎಂಬ ಕಾಲಂ ಅದರಲ್ಲಿ ಇರುವುದು ಅಪರೂಪ. ಕೇಳದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಹಾಗಾಗಿ ನನ್ನ ಸೂಚನೆ ಎರಡೇ. ಏನನ್ನು ಆಡಬೇಕು, ಹಾಡಬೇಕು ಎಂಬುದು ಕಲಾವಿದರಿಗೆ ಬಿಟ್ಟಿರಲಿ, ಅನುದಾನ ಕೊಡುವ ಇಲಾಖೆ ಪ್ರೇಕ್ಷಕರ ಲೆಕ್ಕ ಕೇಳಲಿ. ಪ್ರತಿ ಅನುದಾನದಲ್ಲೂ ಒಂದು ಪಾಲು ಪ್ರೇಕ್ಷಕರನ್ನು ಕರೆತರುವುದಕ್ಕೇ ಮೀಸಲಾಗಲಿ: ಶಾಲೆಯ ಮಕ್ಕಳಿಗೆ ಬಸ್ಸು, ಕಡಿಮೆ ದರದ ಟಿಕೆಟ್, ಆಟ ಮುಗಿದ ಮೇಲೆ ನಟರೊಂದಿಗೆ ಅರ್ಧ ಗಂಟೆ ಮಾತುಕತೆ. ಸರ್ಕಾರ ನಿಯಮ ಮಾಡುವವರೆಗೆ ಕಾಯಬೇಕಾಗಿಲ್ಲ. ಹೈದರಾಬಾದಿನ ಕನ್ನಡ ಸಂಘಗಳು ಮುಂದಿನ ಕಾರ್ಯಕ್ರಮದಲ್ಲಿ ಶಾಲಿನ ಖರ್ಚನ್ನು ಬಸ್ಸಿಗೆ ತಿರುಗಿಸಲಿ, ಕಾಚಿಗುಡದ ನೃಪತುಂಗ ಶಾಲೆಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಗಣ್ಯರು ಹಿಂದೆ ಕೂತರೂ ನಾಟಕ ಕಾಣಿಸುತ್ತದೆ.