ಕ್ಲಿಕ್ಕಿಗೆ ಎಷ್ಟು ತೂಕ?



ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟಿದ್ದರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು ಮೂರನೆಯದು. ಓದುಗನ ಸಮಯ ಉಳಿಸಬೇಕೆಂಬುದು ನಾಲ್ಕನೆಯದು. ಸರ್ಚ್ ಎಂಜಿನ್ನಿನ ಒಳಗೆ ಇವೆರಡೂ ಇವತ್ತು ಎದುರುಬದುರು ನಿಂತಿವೆ. ಹುಡುಕಿ ಬಂದವರು ಯಾವ ಪುಟ ಒತ್ತಿದರು, ಅಲ್ಲೇ ನಿಂತರೋ ತಕ್ಷಣ ಹಿಂದಿರುಗಿದರೋ ಎಂಬುದನ್ನು ನೋಡಿ ಪುಟಗಳ ಸ್ಥಾನ ಬದಲಿಸಬೇಕೆ? ಇದೇ ನನ್ನ ಇಂದಿನ ವಿಷಯ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಗೂಗಲ್ ಕಟ್ಟಿದಾಗ ಅವರು ನಂಬಿದ್ದು ಕೊಂಡಿಗಳನ್ನು. ಒಂದು ಪುಟಕ್ಕೆ ಬೇರೆ ಯಾವ ಪುಟಗಳು ಕೊಂಡಿ ಕೊಟ್ಟಿವೆ ಎಂಬ ಲೆಕ್ಕ ಅದು. ಅಲ್ಲಿ ಬರೆಯುವವರ ಮಾತು ನಡೆಯುತ್ತಿತ್ತು, ಓದುವವರದಲ್ಲ. ಅದೇ ವರ್ಷ ಡೈರೆಕ್ಟ್ ಹಿಟ್ ಎಂಬ ಕಂಪನಿ ಓದುವವರ ಕ್ಲಿಕ್ಕುಗಳನ್ನೇ ಎಣಿಸಲು ಹೊರಟಿತು. 2000ದಲ್ಲಿ ಆಸ್ಕ್ ಜೀವ್ಸ್ ಅದನ್ನು ಕೊಂಡಿತು. ಆಮೇಲೆ ಬಹುಕಾಲ ಕ್ಲಿಕ್ಕಿನ ಬಳಕೆಯ ಸಂಗತಿ ಮಬ್ಬಿನಲ್ಲೇ ಉಳಿಯಿತು. ಕ್ಲಿಕ್ಕುಗಳನ್ನು ಸ್ಥಾನ ನಿರ್ಣಯಕ್ಕೆ ನೇರವಾಗಿ ಬಳಸುವುದಿಲ್ಲ ಎಂಬ ಅರ್ಥದ ಮಾತನ್ನೇ ಗೂಗಲ್‌ನ ವಕ್ತಾರರು ಆಡುತ್ತಿದ್ದರು. 2023ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ನಡೆದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಅದೇ ಕಂಪನಿಯ ಉಪಾಧ್ಯಕ್ಷ ಪಾಂಡು ನಾಯಕ್ ಸಾಕ್ಷಿ ನುಡಿದಾಗ ನಾವ್‌ಬೂಸ್ಟ್ ಎಂಬ ವ್ಯವಸ್ಥೆಯ ವಿವರ ಹೊರಬಂತು: ಸುಮಾರು 2005ರಿಂದ ಬಳಕೆಯಲ್ಲಿದೆ, 13 ತಿಂಗಳ ಕ್ಲಿಕ್ಕುಗಳನ್ನು ಇಟ್ಟುಕೊಳ್ಳುತ್ತದೆ. ಜನರ ನಡವಳಿಕೆಯನ್ನು ಬಳಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅದನ್ನು ಆ ಜನರಿಗೇ ನೇರವಾಗಿ ತಿಳಿಸದೆ ಇದ್ದದ್ದು ತಪ್ಪು.

ಕ್ಲಿಕ್ಕಿನ ಬಳಕೆ ಏಕೆ ಬೇಕು ಎನ್ನುವುದಕ್ಕೆ ನಮ್ಮದೇ ಉದಾಹರಣೆ ಸಾಕು. 2023ರ ಮೇ 8ರಂದು ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. 13ರಂದು ವಿಧಾನಸಭಾ ಚುನಾವಣೆಯ ಮತ ಎಣಿಕೆ. ಆ ವಾರ ‘ಫಲಿತಾಂಶ’ ಎಂದಷ್ಟೇ ಟೈಪಿಸಿದವರಿಗೆ ಬೇಕಾದದ್ದು ಮಗಳ ಅಂಕವೋ ಕ್ಷೇತ್ರದ ಮತವೋ ಎಂಬುದು ಪುಟದೊಳಗಿನ ಪದಗಳಿಂದ ತಿಳಿಯುವುದಿಲ್ಲ. ಅದನ್ನು ಹೇಳಬಲ್ಲವರು ಆ ಹೊತ್ತಿನಲ್ಲಿ ಹುಡುಕುತ್ತಿರುವ ಜನರೇ. ಅವರ ಕ್ಲಿಕ್ಕಿಗೆ ಕಿವಿಗೊಡದ ಯಂತ್ರ ನಾಲ್ಕನೆಯ ಸೂತ್ರವನ್ನು ಪಾಲಿಸಲಾರದು.

ಆದರೆ ಆ ಕ್ಲಿಕ್ಕಿನಲ್ಲಿ ಏನೇನು ಬೆರೆತಿದೆ? ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟೆನ್ ಯೋವಾಕಿಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೀವು ಓದಲೇಬೇಕು. ಹುಡುಕುತ್ತಿದ್ದ ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನು ಅವರು ಅಳೆದರು. ಕೆಲವರಿಗೆ, ಹೇಳದೆಯೇ, ಮೊದಲ ಎರಡು ಫಲಿತಾಂಶಗಳನ್ನು ಅದಲುಬದಲು ಮಾಡಿ ತೋರಿಸಿದರು. ಆಗಲೂ ಹೆಚ್ಚು ಕ್ಲಿಕ್ಕು ಬಿದ್ದದ್ದು ಮೇಲೆ ಕೂತಿದ್ದ ಪುಟಕ್ಕೇ. ಅಂದರೆ ಒಂದು ಕ್ಲಿಕ್ಕಿನಲ್ಲಿ ಓದುಗನ ಆಯ್ಕೆಯೂ ಇದೆ, ಯಂತ್ರವೇ ಕೊಟ್ಟ ಸ್ಥಾನದ ಬಲವೂ ಇದೆ. ಇವೆರಡನ್ನೂ ಬಿಡಿಸದೆ ಎಣಿಸಿದರೆ ಯಂತ್ರ ತನ್ನ ನಿನ್ನೆಯ ತೀರ್ಮಾನವನ್ನೇ ಇವತ್ತು ಜನಾಭಿಪ್ರಾಯವೆಂದು ಕೇಳಿಸಿಕೊಳ್ಳುತ್ತದೆ. ಬಿಡಿಸುವ ದಾರಿಯನ್ನೂ ಅದೇ ತಂಡ ತೋರಿಸಿತು: ಮೇಲಿನದನ್ನು ಬಿಟ್ಟು ಕೆಳಗಿನದನ್ನು ಒತ್ತಿದವನ ಕ್ಲಿಕ್ಕಿಗೆ ನಿಜವಾದ ಅರ್ಥವಿದೆ.

ಮೂರನೆಯ ಸೂತ್ರ ನೆನಪಾಗುವುದು ಇಲ್ಲೇ. ಕೆಳಗೆ ಕೂತ ಹೊಸ ಪುಟ ಯಾರ ಕಣ್ಣಿಗೂ ಬೀಳದಿದ್ದರೆ ಅದಕ್ಕೆ ಕ್ಲಿಕ್ಕು ಎಲ್ಲಿಂದ ಬರಬೇಕು? ಐಐಟಿ ಬಾಂಬೆಯ ಸೌಮೆನ್ ಚಕ್ರವರ್ತಿಯವರೂ ಇದ್ದ ಸಂಶೋಧಕರ ಗುಂಪೊಂದು, ಅದೂ 2005ರಲ್ಲೇ, ಫಲಿತಾಂಶಗಳ ಪಟ್ಟಿಯಲ್ಲಿ ಅಷ್ಟಿಷ್ಟು ಜಾಗವನ್ನು ಹೊಸ ಪುಟಗಳಿಗೆ ಚೀಟಿ ಎತ್ತಿದಂತೆ ಬಿಟ್ಟುಕೊಡಿ ಎಂದು ಸೂಚಿಸಿತು. ಪುಸ್ತಕಗಳನ್ನು ಬೀಗ ಹಾಕಿದ ಬೀರುವಿನಿಂದ ತೆರೆದ ಕಪಾಟಿಗೆ ತರಬೇಕೆಂದು ರಂಗನಾಥನ್ ಹೋರಾಡಿದ್ದೂ ಇದೇ ಕಾಳಜಿಯಿಂದ.

ಕನ್ನಡಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅಡಿಕೆಯ ಕೊಳೆರೋಗದ ಬಗ್ಗೆ ಕನ್ನಡ ಲಿಪಿಯಲ್ಲಿ ಹುಡುಕುವವರ ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪಿಸುವವರೂ ಇಂಗ್ಲಿಷಿನಲ್ಲೇ ಕೇಳುವವರೂ ಇದ್ದಾರೆ. ಹೀಗೆ ಚದುರಿಹೋದ ಸಾಕ್ಷ್ಯ ತೆಳುವಾಗುತ್ತದೆ. ತೆಳುವಾದ ಕಡೆ ಸ್ಥಾನ ಬದಲಿಸಲು ಕೆಲವೇ ಕೈಗಳು ಸಾಕು. 2010ರ ಕೊನೆಯಲ್ಲಿ, ತನ್ನ ಫಲಿತಾಂಶಗಳನ್ನು ಪ್ರತಿಸ್ಪರ್ಧಿ ಬಿಂಗ್ ನಕಲು ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಗೂಗಲ್ ಸುಮಾರು 100 ವಿಚಿತ್ರ ಪದಗಳನ್ನು ಆರಿಸಿ, ಅವಕ್ಕೆ ಸಂಬಂಧವೇ ಇಲ್ಲದ ಪುಟಗಳನ್ನು ಅಂಟಿಸಿ, ಸುಮಾರು 20 ಎಂಜಿನಿಯರುಗಳಿಂದ ಮನೆಯಲ್ಲಿ ಕೂತು ಹುಡುಕಿಸಿ ಒತ್ತಿಸಿತು. ಕೆಲವು ವಾರಗಳಲ್ಲಿ ಅವುಗಳಲ್ಲಿ 7ರಿಂದ 9 ಪದಗಳಿಗೆ ಅದೇ ಪುಟಗಳು ಬಿಂಗ್‌ನಲ್ಲಿ ಕಾಣಿಸಿಕೊಂಡವು. ಇದನ್ನು ಎರಡು ಕಂಪನಿಗಳ ಜಗಳವೆಂದು ಓದಿ ಮುಗಿಸಿದವರೇ ಹೆಚ್ಚು. ಬೇರೆ ಆಧಾರವಿಲ್ಲದ ಕಡೆ ಬೆರಳೆಣಿಕೆಯ ಕ್ಲಿಕ್ಕುಗಳೂ ಸ್ಥಾನ ಕೊಡಿಸಬಲ್ಲವು ಎಂಬ ಪಾಠವನ್ನು ಸಣ್ಣ ಭಾಷೆಗಳವರು ಅದರಿಂದ ಎತ್ತಿಕೊಳ್ಳಬೇಕು. ಹುಡುಕುವವರು ಕಡಿಮೆಯಿದ್ದಲ್ಲಿ ಕ್ಲಿಕ್ಕಿನ ತೂಕವನ್ನು ಇಳಿಸಿ, ಪುಟ ಬರೆದವರು ಯಾರು, ಯಾವ ಸಂಸ್ಥೆ ಎಂಬುದಕ್ಕೆ ಏರಿಸಬೇಕೆಂದು ನಾನು ವಾದಿಸುತ್ತೇನೆ. ಔಷಧಿ, ಕಾಯಿಲೆಗಳ ವಿಷಯದಲ್ಲಂತೂ ಹುಡುಕುವವರು ಎಷ್ಟೇ ಇರಲಿ ಹೀಗೇ ಆಗಬೇಕು.

ಕ್ಲಿಕ್ಕುಗಳ ಒಡೆತನದ ಮಾತು ಉಳಿಯಿತು. 2024ರ ಆಗಸ್ಟ್‌ನಲ್ಲಿ ಅದೇ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಕೊಟ್ಟ ತೀರ್ಪಿನ ಪ್ರಕಾರ, ಉಳಿದೆಲ್ಲ ಸರ್ಚ್ ಎಂಜಿನ್‌ಗಳಿಗೆ ಒಟ್ಟು ಬರುವ ಪ್ರಶ್ನೆಗಳ ಒಂಬತ್ತು ಪಟ್ಟು ಗೂಗಲ್ ಒಂದಕ್ಕೇ ಬರುತ್ತವೆ. ಮೊಬೈಲಿನಲ್ಲಿ 19 ಪಟ್ಟು. ಹೆಚ್ಚು ಕ್ಲಿಕ್ಕು ಬಂದವರ ಫಲಿತಾಂಶ ಸುಧಾರಿಸುತ್ತದೆ, ಸುಧಾರಿಸಿದವರಿಗೇ ಮತ್ತೆ ಕ್ಲಿಕ್ಕು. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ, ಇಂಥ ಕೆಲವು ಮಾಹಿತಿಯನ್ನು ಅರ್ಹ ಪ್ರತಿಸ್ಪರ್ಧಿಗಳೊಂದಿಗೆ ಹಂಚಿಕೊಳ್ಳಲು ಆದೇಶಿಸಿತು. ನನಗೆ ಇದು ನ್ಯಾಯವೆನಿಸುತ್ತದೆ, ಜನ ಕೊಟ್ಟದ್ದು ಒಬ್ಬರ ಉಗ್ರಾಣದಲ್ಲೇ ಕೊಳೆಯಬಾರದು. ಹಂಚುವಾಗ ಹೆಸರು ತೆಗೆದರಷ್ಟೇ ಸಾಲದು. 2006ರಲ್ಲಿ ಎಓಎಲ್ ಹೆಸರು ತೆಗೆದೇ ಹೊರಬಿಟ್ಟ ಹುಡುಕಾಟದ ದಾಖಲೆಗಳಿಂದ ಪತ್ರಕರ್ತರು ವ್ಯಕ್ತಿಯೊಬ್ಬರ ಮನೆ ಬಾಗಿಲನ್ನೇ ತಲುಪಿದ್ದರು.

ಗ್ರಂಥಪಾಲಕ ಮಿತ್ರರಲ್ಲಿ ಒಂದು ಬೇಡಿಕೆ. ನಿಮ್ಮಲ್ಲಿ ಹಲವರು ಬಳಸುವ ಕೋಹಾ ತಂತ್ರಾಂಶದಲ್ಲಿ, ಎಷ್ಟು ಸಲ ಎರವಲು ಹೋಗಿದೆ ಎಂಬುದರ ಮೇಲೆ ಪುಸ್ತಕಗಳನ್ನು ಜೋಡಿಸುವ ಆಯ್ಕೆಯಿದೆ. ಅದನ್ನು ಇಟ್ಟುಕೊಳ್ಳಿ. ಜೊತೆಗೆ, ಒಮ್ಮೆಯೂ ಎರವಲು ಹೋಗದ ಪುಸ್ತಕಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದು, ಅವುಗಳಲ್ಲಿ ಕೆಲವನ್ನು ಬಾಗಿಲ ಬಳಿಯ ಕಪಾಟಿನಲ್ಲಿಡಿ. ಯಾವುದನ್ನು ಯಾರು ಎತ್ತಿಕೊಂಡರೆಂಬುದನ್ನು ಬರೆಯಬೇಡಿ, ಎಷ್ಟು ಹೋದವೆಂಬುದನ್ನಷ್ಟೇ ಬರೆದಿಡಿ.