ದೂರದ ಮಾತು ಕೇಳುವ ಯಂತ್ರಗಳು
(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



2024ರ ಆಗಸ್ಟಿನಲ್ಲಿ ಬದಲಾಪುರದ ಶಾಲೆಯೊಂದರಲ್ಲಿ ನಡೆದ ಹೇಯ ಕೃತ್ಯದ ತರುವಾಯ, ಶಾಲೆಗಳಲ್ಲಿ ಒಂದು ತಿಂಗಳೊಳಗೆ ಸಿಸಿಟಿವಿ ಕ್ಯಾಮೆರಾ ಕೂಡಿಸಬೇಕೆಂದು ನಮ್ಮ ಮಹಾರಾಷ್ಟ್ರ ಸರಕಾರವು ಆಜ್ಞಾಪಿಸಿತು. ಆಜ್ಞೆ ಯೋಗ್ಯವಾದುದೇ. ಆದರೆ ಮಕ್ಕಳನ್ನು ಕಾಯಲೆಂದು ತಂದ ಕಣ್ಣು ಪರರ ಕಣ್ಣಾಗಬಾರದಷ್ಟೆ? ಆ ವಿಷಯವಾಗಿಯೇ ಈ ಹೊತ್ತು ನಾಲ್ಕು ಮಾತು ಬಿನ್ನವಿಸುತ್ತೇನೆ.

ಅಂತರ್ಜಾಲಕ್ಕೆ ಜೋಡಿಸಿದ ಯಂತ್ರವು ಮೊಬೈಲಿನಿಂದ ಬಂದ ಅಪ್ಪಣೆಯನ್ನು ಪಾಲಿಸುತ್ತದೆ. ಅಪ್ಪಣೆ ಕೊಡುವವನ ಮುಖವನ್ನು ಅದು ನೋಡುವುದಿಲ್ಲ. ಪಾಸ್‌ವರ್ಡ್ ಸರಿಯಾಗಿದ್ದರೆ ಗಡಹಿಂಗ್ಲಜದ ಮನೆಯೊಡೆಯನೂ ಸಾವಿರ ಹರದಾರಿ ಆಚೆಯ ಕಳ್ಳನೂ ಅದಕ್ಕೆ ಒಂದೇ. ಕಾರಖಾನೆಯವರಾದರೋ ಒಂದು ಜಾತಿಯ ಯಂತ್ರಗಳಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದುಂಟು. ಪೇಟೆಯ ಕೀಲಿಗಳಿಗೆಲ್ಲ ಒಂದೇ ಕೀಲಿಕೈ ಹತ್ತುವುದಾದರೆ ಯಾರು ತಾನೆ ಕೀಲಿ ಕೊಂಡಾರು?

2016ರಲ್ಲಿ ಅಮೇರಿಕದ ಮೂವರು ತರುಣರು ಮಿರಾಯ್ ಎಂಬ ಪ್ರೋಗ್ರಾಮೊಂದನ್ನು ರಚಿಸಿದರು. ಅದು ಕಾರಖಾನೆಯವರು ಇಟ್ಟ ಅರವತ್ತರಷ್ಟು ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಚ್ಚಿ ನೋಡುತ್ತ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ 21ರಂದು ಇಂಥ ಯಂತ್ರಗಳ ದಂಡು ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದುದರಿಂದ ಟ್ವಿಟರ್ ಮೊದಲಾದ ಹೆಸರಾದ ತಾಣಗಳೇ ತಾಸುಗಟ್ಟಲೆ ಅಸ್ತವ್ಯಸ್ತವಾದವು. ಈ ಉಪದ್ವ್ಯಾಪದ ಬೇರು ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಪೈಪೋಟಿಯಲ್ಲಿತ್ತೆಂಬುದನ್ನು ಆ ಆಟ ಬಲ್ಲ ನಮ್ಮ ಹುಡುಗರು ಗಮನಿಸಲಿ. 2017ರಲ್ಲಿ ಆ ಮೂವರೂ ನ್ಯಾಯಾಲಯದಲ್ಲಿ ಅಪರಾಧ ಒಪ್ಪಿಕೊಂಡರು.

ಇದು ಪರದೇಶದ ಮಾತೆಂದು ಸುಮ್ಮನಿರುವಂತಿಲ್ಲ. 2025ರ ಫೆಬ್ರುವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ಚಿತ್ರಗಳು ಕಳುವಾಗಿ ಹಣಕ್ಕೆ ಮಾರಾಟವಾದುವೆಂಬ ಸಂಗತಿ ಪತ್ರಿಕೆಗಳಲ್ಲಿ ಬಂದಿತು. ಅಲ್ಲಿಗೆ ಬಂದಿದ್ದ ತಾಯಂದಿರ ಸಂಕಟವನ್ನು ನಾನು ಬಣ್ಣಿಸಬೇಕಾಗಿಲ್ಲ.

ಕಾರುಗಳ ಸ್ಥಿತಿ ತುಸು ಬೇರೆ. 2015ರ ಜುಲೈಯಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಎಂಬ ಸಂಶೋಧಕರು ಮನೆಯಲ್ಲಿಯೇ ಕುಳಿತು, ಪತ್ರಕರ್ತನೊಬ್ಬನು ತಾನಾಗಿ ಒಪ್ಪಿ ಹೆದ್ದಾರಿಯಲ್ಲಿ ನಡೆಸುತ್ತಿದ್ದ ಜೀಪ್ ಚೆರೋಕೀ ಗಾಡಿಯ ರೇಡಿಯೋ, ವೈಪರುಗಳನ್ನು ಆಡಿಸಿ, ಕಡೆಗೆ ವೇಗವನ್ನೇ ಕುಂದಿಸಿ ತೋರಿಸಿದರು. ಹಾಡು ಕೇಳಲು ಇಟ್ಟ ಪೆಟ್ಟಿಗೆಯು ಮೊಬೈಲ್ ಜಾಲಕ್ಕೆ ಜೋಡಿಸಿತ್ತು. ಅಲ್ಲಿಂದ ಗಾಡಿಯ ಯಂತ್ರಭಾಗಗಳಿಗೂ ದಾರಿ ದೊರೆಯಿತು. ಕಂಪನಿಯು 14 ಲಕ್ಷ ಗಾಡಿಗಳನ್ನು ತಿದ್ದುಪಡಿಗೆಂದು ಕರೆಯಬೇಕಾಯಿತು. ಇಲ್ಲಿ ಒಡೆಯನ ಅಲಕ್ಷ್ಯವೇನೂ ಇರಲಿಲ್ಲ. ಮಾಡಿದವರೇ ತಿದ್ದಬೇಕಾದ ದೋಷವದು. ಅಂಥ ತಿದ್ದುಪಡಿಯ ಸೂಚನೆ ಬಂದಾಗ ನಾಳೆ ನೋಡೋಣವೆನ್ನದಿರುವುದಷ್ಟೇ ನಮ್ಮ ಪಾಲಿನದು.

ಕ್ಯಾಮೆರಾದ ಮಾತು ಹಾಗಲ್ಲ. ಅದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕೂಡಿಸಲು ಬಂದವನು ಹೊರಡುವ ಮೊದಲೇ ಪಾಸ್‌ವರ್ಡ್ ಬದಲಿಸಿರಿ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬೇಡವೇ ಬೇಡ. ಮಾರಾಟಕ್ಕೆ ಬರುವ ಕ್ಯಾಮೆರಾಗಳ ಭದ್ರತೆಯ ಪರೀಕ್ಷೆಯನ್ನು ಕೇಂದ್ರ ಸರಕಾರವು 2025ರ ಏಪ್ರಿಲಿನಿಂದ ಕಡ್ಡಾಯಗೊಳಿಸಿದೆ. ಆ ಪ್ರಮಾಣಪತ್ರವನ್ನು ಅಂಗಡಿಯವರಿಗೆ ಕೇಳಿರಿ. ಮೋಸವಾದರೆ 1930ಕ್ಕೆ ಫೋನು ಮಾಡಿರಿ. ಮನೆಯಲ್ಲಿ ಈ ವಿದ್ಯೆ ಬಲ್ಲವರು ಹೆಚ್ಚಾಗಿ ಮಕ್ಕಳೇ. ಅವರು ತಂದೆತಾಯಿಗಳಿಗೆ ಕಲಿಸಲಿ, ಗೆಳೆಯರಿಗೆ ಗುಟ್ಟು ಹೇಳದಿರಲಿ.

ಇನ್ನು ಶಾಲೆಯ ಕ್ಯಾಮೆರಾದ ಚಿತ್ರಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಮುಖ್ಯಾಧ್ಯಾಪಕನನ್ನು ಕೇಳುವ ಅಧಿಕಾರ ಪಾಲಕರಿಗುಂಟು. ಸಂಕೋಚಪಡದೆ ಕೇಳಿರಿ, ಉತ್ತರ ಕೊಡಲು ನಾನು ಬದ್ಧನಾಗಿದ್ದೇನೆ.